ಹಿಮ ಬಿದ್ದಿದೆ, ಇವತ್ತು ಪಾಠ ಇಲ್ಲ

ನ್ಯೂಜೆರ್ಸಿಯ ಎಡಿಸನ್ನಿನ ಓಕ್ ಟ್ರೀ ರಸ್ತೆಯಲ್ಲಿ ಇಡ್ಲಿ ತಿನ್ನುತ್ತ ಕೂತ ಯಾವ ಕನ್ನಡದ ದಂಪತಿಯನ್ನಾದರೂ ಮಾತಾಡಿಸಿ ನೋಡಿ. ಎರಡನೇ ಮಾತಿಗೆ ಮಗನ ಯೂನಿವರ್ಸಿಟಿ ಬರುತ್ತದೆ, ಮೂರನೇ ಮಾತಿಗೆ ಅದರ ಹೆಸರು ಪೇಪರಿನಲ್ಲಿ ಬಂದದ್ದು. ಯೂನಿವರ್ಸಿಟಿಗಳೂ ಹಾಗೇ. ಮೇಷ್ಟ್ರೊಬ್ಬರು ಟಿವಿಯಲ್ಲಿ ಅರ್ಧ ನಿಮಿಷ ಹವಾಮಾನದ ಬಗ್ಗೆ ಗೊಣಗಿದರೂ ಸಾಕು, ಪ್ರಚಾರ ವಿಭಾಗ ಅದನ್ನು ಕತ್ತರಿಸಿ, ಅಂಟಿಸಿ, ‘ಸುದ್ದಿಯಲ್ಲಿ ನಾವು’ ಅಂತ ಮೆರವಣಿಗೆ ಮಾಡುತ್ತದೆ.

ಸುದ್ದಿಯಾಗುವುದು ಅಷ್ಟು ಸುಲಭವೂ ಅಲ್ಲ, ಅಗ್ಗವೂ ಅಲ್ಲ. 1766ರಷ್ಟು ಹಳೆಯದಾದ, ನ್ಯೂಜೆರ್ಸಿಯದೇ ಆದ ರಟ್ಗರ್ಸ್ ಯೂನಿವರ್ಸಿಟಿ 2011ರಲ್ಲಿ ದೇಶದ ಬಾಯಿಗೆ ಬಿದ್ದದ್ದು ಸ್ನೂಕಿ ಎಂಬ ರಿಯಾಲಿಟಿ ಶೋ ತಾರೆಯಿಂದ. ಕ್ಯಾಂಪಸ್ಸಿಗೆ ಬಂದು ಹುಡುಗರನ್ನು ರಂಜಿಸಿದ್ದಕ್ಕೆ ಆಕೆಗೆ 32,000 ಡಾಲರ್. ಅದೇ ವರ್ಷದ ಘಟಿಕೋತ್ಸವ ಭಾಷಣಕ್ಕೆ ನೊಬೆಲ್ ಪಡೆದ ಟೋನಿ ಮಾರಿಸನ್‌ಗೆ 30,000. ಹೆಚ್ಚಿನ ಎರಡು ಸಾವಿರ ಬಹುಶಃ ಸ್ನೂಕಿಯ ಎತ್ತರದ ತುರುಬಿನ ಬಾಬ್ತು.

ರಟ್ಗರ್ಸಿನಿಂದ ರೈಲಿನಲ್ಲಿ ಹೋಗಿ ಬರುವಷ್ಟು ದೂರದ ಕ್ರಾನ್‌ಫರ್ಡ್ ಊರಿನಲ್ಲಿ ಇನ್ನೊಂದು ಯೂನಿವರ್ಸಿಟಿ ಇತ್ತು. ಅದು ಒಬ್ಬ ಮೇಷ್ಟ್ರಿಗೂ ಸಂಬಳ ಕೊಡದೆ, ಒಂದೂ ಸಂಶೋಧನೆ ಮಾಡದೆ, 2016ರ ಏಪ್ರಿಲ್ 5ರಂದು ನ್ಯೂಯಾರ್ಕಿನಿಂದ ಬೀಜಿಂಗ್, ಬೆಂಗಳೂರುವರೆಗೆ ಸುದ್ದಿಯಾಯಿತು. ಹೆಸರು ಯೂನಿವರ್ಸಿಟಿ ಆಫ್ ನಾರ್ದರ್ನ್ ನ್ಯೂಜೆರ್ಸಿ. ಹುಟ್ಟಿದ್ದು 2013ರ ಸೆಪ್ಟೆಂಬರಿನಲ್ಲಿ. ಸ್ಥಾಪಕರು ಅಮೆರಿಕದ ಗೃಹಭದ್ರತಾ ಇಲಾಖೆಯ ಪತ್ತೇದಾರರು.

ಅಂಗಡಿಮಳಿಗೆಯಂಥ ಒಂದು ಜಾಗದಲ್ಲಿ ಕಚೇರಿ, ಮೇಜಿನ ಹಿಂದೆ ಆಡಳಿತಗಾರರ ವೇಷದ ಪೊಲೀಸರು. ಲಾಂಛನ ಇತ್ತು, ಅದರ ಮೇಲೆ ಲ್ಯಾಟಿನ್ನಿನ ಧ್ಯೇಯವಾಕ್ಯವೂ ಇತ್ತು. ಮಾನ್ಯತೆ ಕೊಡುವ ಸಂಸ್ಥೆಯ ಪಟ್ಟಿಯಲ್ಲಿ ಹೆಸರಿತ್ತು. ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅಪ್ಪಣೆಯೂ ಇತ್ತು. ಅಪ್ಪಣೆ ಕೊಡಬೇಕಾದ ಇಲಾಖೆಯೇ ಮಾಲೀಕನಾದ್ದರಿಂದ ಕಡತ ಎಲ್ಲೂ ಕುಂಟಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇವೆ. ಇವರು ಕುಲಾವಿ, ತೊಟ್ಟಿಲು, ನಾಮಕರಣದ ಕರೆಯೋಲೆ ಎಲ್ಲ ಸಿದ್ಧ ಮಾಡಿ, ಕೂಸಿನ ಗೊಡವೆಗೇ ಹೋಗಲಿಲ್ಲ. ತರಗತಿ ಇಲ್ಲ, ಪಠ್ಯ ಇಲ್ಲ, ಪಾಠ ಹೇಳುವವರಿಲ್ಲ. ಆದರೂ ಚಳಿಗಾಲದಲ್ಲಿ ಹಿಮ ಸುರಿದಾಗ ಅದರ ಫೇಸ್‌ಬುಕ್ ಪುಟ ತಪ್ಪದೆ ರಜೆ ಸಾರುತ್ತಿತ್ತು. ಎಂದೂ ನಡೆಯದ ಪಾಠಕ್ಕೆ ರಜೆ ಕೊಡುವ ಈ ಶಿಸ್ತು ನಮ್ಮಲ್ಲಿ ಪಾಠ ನಡೆಯುವ ಕಾಲೇಜುಗಳಲ್ಲೂ ಅಪರೂಪ. ಇನ್ನೊಂದೆರಡು ವರ್ಷ ಬಾಳಿದ್ದರೆ ನಮ್ಮ ಕಡೆಯ ನಾಲ್ಕಾರು ಮುಖಂಡರು ಅಲ್ಲಿಂದ ಗೌರವ ಡಾಕ್ಟರೇಟ್ ತಂದು ಊರ ತುಂಬ ಫ್ಲೆಕ್ಸ್ ಹಾಕಿಸಿರುತ್ತಿದ್ದರು.

ಸೇರಿದವರು 1,076 ಮಂದಿ, 26 ದೇಶದವರು. ಹೆಚ್ಚಿನವರು ಭಾರತ ಮತ್ತು ಚೀನಾದ ಮಕ್ಕಳು. ಇವರನ್ನು ತಂದು ತುಂಬಿದ 21 ದಲ್ಲಾಳಿಗಳನ್ನು ಆ ದಿನ ಬಂಧಿಸಿದರು. ತಲೆಗಿಷ್ಟು ಅಂತ ಕಮಿಷನ್ ಮಾತಾಡಿಕೊಂಡಿದ್ದವರಿಗೆ ಕಮಿಷನ್ ಎಣಿಸಿ ಕೊಟ್ಟ ಕೈಯೇ ಬೇಡಿ ತೊಡಿಸಿತು.

ಪಾಠವಿಲ್ಲದ ಕಡೆಗೆ ಮಕ್ಕಳು ದುಡ್ಡು ಕಟ್ಟಿ ಯಾಕೆ ಬಂದರು? ಆ ಏಪ್ರಿಲ್‌ನಲ್ಲೇ ಉತ್ತರವಿತ್ತು. ಅಮೆರಿಕದಲ್ಲಿ ಕೆಲಸಕ್ಕೆ ಬೇಕಾದ ಎಚ್-1ಬಿ ವೀಸಾ ಇದ್ದದ್ದು 85,000; ಮೊದಲ ವಾರದಲ್ಲೇ ಬಿದ್ದ ಅರ್ಜಿ 2,36,000 ದಾಟಿತ್ತು. ಉಳಿದದ್ದು ಚೀಟಿ ಎತ್ತುವ ಕೆಲಸ. ಮಾಸ್ಟರ್ಸ್ ಮುಗಿಸಿ, ಕೆಲಸ ಹಿಡಿದು, ಊರಿನಲ್ಲಿ ಅಪ್ಪ ಮಾಡಿದ ಸಾಲದ ಕಂತು ಕಟ್ಟುತ್ತಿದ್ದ ಹುಡುಗನ ಚೀಟಿ ಬರದಿದ್ದರೆ ಅವನು ಗಂಟುಮೂಟೆ ಕಟ್ಟಬೇಕು, ಇಲ್ಲವೇ ಮತ್ತೆ ವಿದ್ಯಾರ್ಥಿಯಾಗಬೇಕು. ಓದಿನ ಭಾಗವಾಗಿ ಕೆಲಸ ಮಾಡಲು ನಿಯಮದಲ್ಲೇ ಅವಕಾಶವಿದೆ, ಅದಕ್ಕೆ ಸಿಪಿಟಿ ಅನ್ನುತ್ತಾರೆ. ಕೆಲಸ ಪೂರ್ತಿ, ಓದು ನಾಮಮಾತ್ರ. ಓದಿನ ನಾಮವನ್ನೂ ಅಳಿಸಿಬಿಟ್ಟರೆ ಹೇಗೆ ಎಂಬುದೇ ಕ್ರಾನ್‌ಫರ್ಡಿನವರ ಏಕೈಕ ಸಂಶೋಧನೆ. ಎಲ್ಲರಿಗೂ ವಿಷಯ ಗೊತ್ತಿತ್ತು ಅಂದಿತು ಸರ್ಕಾರ. ಸರ್ಕಾರದ ಪಟ್ಟಿಯಲ್ಲಿ ಹೆಸರು ನೋಡಿಯೇ ಸೇರಿದೆವು ಅಂದರು ಹಲವು ಮಕ್ಕಳು. ನನ್ನನ್ನು ಕೇಳಿದರೆ, ಗೊತ್ತಿದ್ದೂ ಬಂದವರು ಇದ್ದಾರು. ಆದರೆ ಸರ್ಕಾರ ಸುಳ್ಳು ಹೇಳಲಾರದು ಎಂದು ನಂಬಿ ಬಂದವನನ್ನು ಅದೇ ಸರ್ಕಾರ ಕಳ್ಳ ಅಂದಾಗ, ಅವನು ದೂರು ಕೊಡಲು ಯಾರ ಬಾಗಿಲಿಗೆ ಹೋಗಬೇಕು?

ನಕಲಿ ಯೂನಿವರ್ಸಿಟಿ ನಮಗೂ ಹೊಸದಲ್ಲ. ನಮ್ಮ ಗೋಕಾಕದ ವಿಳಾಸದ ಒಂದು ಸಂಸ್ಥೆ ಯುಜಿಸಿಯ ನಕಲಿ ಯೂನಿವರ್ಸಿಟಿಗಳ ಪಟ್ಟಿಯಲ್ಲಿ ಕರ್ನಾಟಕದ ಮಾನ ಕಾಯುತ್ತ ವರ್ಷಗಟ್ಟಲೆ ಕೂತಿತ್ತು: ಬಡಗಾನ್ವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ. ಆದರೂ ನಾವು ಸಣ್ಣವರೇ. ನಮ್ಮದರ ಹೆಸರಿನಲ್ಲಷ್ಟೇ ಸರ್ಕಾರ. ಅಲ್ಲಿ ನಡೆಸಿದ್ದೇ ಸರ್ಕಾರ.

ನ್ಯೂಜೆರ್ಸಿಯ ಯೂನಿವರ್ಸಿಟಿ ಇಷ್ಟು ಹೆಸರು ಮಾಡಿದ ಮೇಲೆ ಶಾಖೆ ಬೇಡವೇ? ಅದೂ ಆಯಿತು. ಅದೇ ಗೃಹಭದ್ರತಾ ಇಲಾಖೆ ಮಿಶಿಗನ್ನಿನಲ್ಲಿ ಫಾರ್ಮಿಂಗ್‌ಟನ್ ಯೂನಿವರ್ಸಿಟಿ ತೆರೆದು, 2019ರ ಜನವರಿಯಲ್ಲಿ ಬಲೆ ಎಳೆಯಿತು. ಈ ಸಲ ಸುಮಾರು 600 ಮಂದಿ, ಹೆಚ್ಚುಕಡಿಮೆ ಎಲ್ಲ ನಮ್ಮ ದೇಶದವರೇ. ದಿಲ್ಲಿ ಪ್ರತಿಭಟನೆ ಸಲ್ಲಿಸಿತು.

ನ್ಯೂಜೆರ್ಸಿಯ ಹಳೆ ವಿದ್ಯಾರ್ಥಿಗಳು ಮಾತ್ರ ಸುಮ್ಮನೆ ಕೂರಲಿಲ್ಲ. ಒಂದು ದಿನವೂ ಕ್ಲಾಸಿನಲ್ಲಿ ಒಟ್ಟಿಗೆ ಕೂರದವರು ಸರ್ಕಾರದ ಮೇಲೆ ಹೂಡಿದ ಸಾಮೂಹಿಕ ದಾವೆಯಲ್ಲಿ, ಅಂದರೆ ಕ್ಲಾಸ್ ಆಕ್ಷನ್‌ನಲ್ಲಿ ಒಟ್ಟಾದರು. ಕೆಳಗಿನ ನ್ಯಾಯಾಲಯ ದಾವೆ ತಳ್ಳಿಹಾಕಿತು. ಮೇಲ್ಮನವಿ ನ್ಯಾಯಾಲಯ ಅದಕ್ಕೆ ಮರುಜೀವ ಕೊಟ್ಟು, ಸರ್ಕಾರ ಬಂದು ಜವಾಬು ಹೇಳಲಿ ಅಂದಿತು. ಅದು 2019ರ ಆಗಸ್ಟ್, ಸುಡುಬಿಸಿಲಿನ ಕಾಲ. ಹಿಮ ಬಿದ್ದಿದೆ, ಇವತ್ತು ರಜೆ ಅನ್ನುವ ಹಾಗಿರಲಿಲ್ಲ.