ಬ್ರಿಡ್ಜ್ ಕೋರ್ಸ್: ಬಳಸುವ ವಿಧಾನ

ಪೆಟ್ಟಿಗೆ ತೆರೆಯುವ ಮುನ್ನ: ನಿಮ್ಮ ಜಯನಗರದ ಕಾಲೇಜಿಗೆ ಬಿ.ಕಾಂ. ಮೊದಲ ಸೆಮಿಸ್ಟರಿಗೆ ಹುಡುಗನೊಬ್ಬ ಬಂದಿರುತ್ತಾನೆ. ಕನಕಪುರದ ಕಡೆಯವನಾದರೆ ರೇಷ್ಮೆ ಸಂಸ್ಥೆ ನಿಲ್ದಾಣದಲ್ಲಿ ಮೆಟ್ರೊ ಹತ್ತಿರುತ್ತಾನೆ. ಪಿಯುಸಿವರೆಗೂ ಕನ್ನಡ ಮಾಧ್ಯಮ. ಮೈಮೇಲೆ ‘ಸ್ಲೋ ಲರ್ನರ್’ ಎಂಬ ಚೀಟಿ ಇದೆಯೇ ನೋಡಿ. ಇಲ್ಲವಾದರೆ ಗಾಬರಿ ಬೇಡ, ವಾರದೊಳಗೆ ಸ್ಟಾಫ್ ರೂಮಿನಲ್ಲಿ ಅಂಟಿಸಲಾಗುವುದು.

ತಪಾಸಣೆ: ಮೊದಲ ದಿನವೇ ಇಂಗ್ಲಿಷಿನಲ್ಲಿ ಟೆಸ್ಟ್ ಕೊಡಿ. ಡಿಪ್ರಿಸಿಯೇಶನ್ ಅಂದರೇನು ಎಂದು ಕೇಳಿ. ಸುಮ್ಮನೆ ಕೂರುತ್ತಾನೆ. ಸವಕಳಿ ಎಂದು ಕೇಳಿದ್ದರೆ ಲೆಕ್ಕವನ್ನೇ ಮಾಡಿ ತೋರಿಸುತ್ತಿದ್ದ, ಆದ್ದರಿಂದ ಹಾಗೆ ಕೇಳಕೂಡದು. ಟ್ರಯಲ್ ಬ್ಯಾಲೆನ್ಸ್ ಎಂದರೆ ಅವನು ಎರಡು ವರ್ಷ ಬರೆದ ತಾಳೆಪಟ್ಟಿ, ಬ್ಯಾಲೆನ್ಸ್ ಶೀಟ್ ಎಂದರೆ ಅದೇ ಹಳೆಯ ಅಡಾವೆ ಪತ್ರಿಕೆ. ಈ ಗುಟ್ಟು ಹೊರಬಿದ್ದರೆ ಅವನ ಅರ್ಧ ಕಾಯಿಲೆ ಒಂದೇ ಮಧ್ಯಾಹ್ನದಲ್ಲಿ ವಾಸಿಯಾಗುತ್ತದೆ. ಆಮೇಲೆ ಎರಡು ವಾರದ ಕೋರ್ಸಿಗೆ ಏನು ಮಾಡುತ್ತೀರಿ?

ಸಮಯ: ಕ್ಲಾಸು ಬಿಟ್ಟ ಮೇಲೆ, ನಾಲ್ಕು ಗಂಟೆಗೆ. ಆ ಹೊತ್ತಿಗೆ ಅವನು ನಾಲ್ಕನೇ ಬ್ಲಾಕಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿರುತ್ತಾನೆ. 30 ಪರ್ಸೆಂಟ್ ಡಿಸ್ಕೌಂಟ್ ಕಳೆದು, ಎರಡು ಶರ್ಟಿಗೆ ಎಷ್ಟಾಯಿತೆಂದು ಗಿರಾಕಿಗೆ ಬಾಯಿಲೆಕ್ಕದಲ್ಲಿ ಹೇಳುತ್ತಿರುತ್ತಾನೆ. ಅವನು ಗೈರುಹಾಜರಾದ ನಿಮ್ಮ ಕ್ಲಾಸಿನ ಅಂದಿನ ಪಾಠ: ಶೇಕಡಾವಾರು ಲೆಕ್ಕ.

ಕಡತ: ಇದೇ ಮುಖ್ಯ ಭಾಗ, ಮೈಯೆಲ್ಲ ಕಣ್ಣಾಗಿ ಓದಿ. 1994ರಲ್ಲಿ ಹುಟ್ಟಿ, ನಮ್ಮ ನಾಗರಭಾವಿಯಲ್ಲೇ ಕಚೇರಿ ಹೂಡಿರುವ, ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್, ವಿದ್ಯಾರ್ಥಿಗಳ ಕಲಿಕೆಯ ಮಟ್ಟ ಅಳೆದು ಹಿಂದುಳಿದವರಿಗೆ ಏನು ಮಾಡಿದಿರಿ ಎಂದು ಕೇಳುತ್ತದೆ. ಒಳ್ಳೆಯ ಪ್ರಶ್ನೆಯೇ. ಉತ್ತರವಾಗಿ ಬ್ಯಾನರ್ ಮುಂದೆ ತೆಗೆಸಿದ ಫೋಟೊ, ಸಹಿ ಇರುವ ಹಾಜರಿ ಪಟ್ಟಿ, ‘ತುಂಬಾ ಉಪಯುಕ್ತವಾಗಿತ್ತು’ ಎಂಬ ಒಂದೇ ಕೈಬರಹದ ನಲವತ್ತು ಅಭಿಪ್ರಾಯಗಳನ್ನು ಜೋಡಿಸಿ, ಸ್ಪೈರಲ್ ಬೈಂಡ್ ಮಾಡಿಸಿ.

ಉದ್ಘಾಟನಾ ಭಾಷಣ: ಎಚ್. ನರಸಿಂಹಯ್ಯನವರ ಕಥೆ ಕೈಕೊಡುವುದಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ, 1935ರಲ್ಲಿ ಓದಲೆಂದು ಬೆಂಗಳೂರಿಗೆ ನಡೆದೇ ಬಂದವರು. ಮುಂದೆ ಓಹಾಯೊದಲ್ಲಿ ಭೌತವಿಜ್ಞಾನದ ಡಾಕ್ಟರೇಟ್, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ‘ಅವರು ನಡೆದು ಬಂದರು, ನಿಮಗೆ ಮೆಟ್ರೊ ಇದ್ದೂ ಏನು ಕೇಡು?’ ಎಂದು ಮೇಜು ಕುಟ್ಟಿ. ಇಷ್ಟೆಲ್ಲ ಆದ ಮೇಲೂ ಅವರು ಬಸವನಗುಡಿಯ ಕಾಲೇಜು ಹಾಸ್ಟೆಲಿನ ಕೋಣೆಯಲ್ಲೇ, ಹುಡುಗರ ಕೈಗೆಟುಕುವಷ್ಟು ಹತ್ತಿರ, ಬದುಕಿದ್ದರೆಂಬ ಭಾಗವನ್ನು ಹಾರಿಸಿಬಿಡಿ. ನಮಗೆ ಐದರ ಬಸ್ ತಪ್ಪುತ್ತದೆ.

ದೋಷ ಕಂಡುಬಂದಲ್ಲಿ: ಕೆಲವೊಮ್ಮೆ ಹಿಂದಿನ ಬೆಂಚು ತಾನಾಗಿ ಮಾತಾಡುವುದುಂಟು. ಹೋದ ವರ್ಷ ನನ್ನ ಕ್ಲಾಸಿನಲ್ಲಿ ಒಬ್ಬ ಎದ್ದು, ‘ಮೇಡಂ, ಡಿಪ್ರಿಸಿಯೇಶನ್ ಅಂದ್ರೆ ನಮ್ಮ ಸವಕಳಿನಾ?’ ಎಂದ. ನಾನು ಮೈಮರೆತು ‘ಹೌದು ಕಣೋ’ ಎಂದುಬಿಟ್ಟೆ. ‘ಅಷ್ಟೇನಾ!’ ಎಂದು ಯಾರೋ ನಕ್ಕರು. ಪಟಪಟ ಪುಸ್ತಕ ತೆರೆದ ಸದ್ದು. ಆರೂಕಾಲಾದರೂ ಯಾರೂ ಏಳಲಿಲ್ಲ, ಬಟ್ಟೆ ಅಂಗಡಿಗೆ ಹೋಗಬೇಕಿದ್ದವನೂ ಸೇರಿ. ಗಲಾಟೆಯಲ್ಲಿ ಹಾಜರಿ ಪಟ್ಟಿಗೆ ಸಹಿ ಹಾಕಿಸುವುದೇ ಮರೆತುಹೋಯಿತು. ಹೀಗಾಗಿ ಕಡತದ ಪ್ರಕಾರ ಅವತ್ತು ಕ್ಲಾಸ್ ನಡೆದಿಲ್ಲ.