ಹೀಟರ್ ರಿಪೇರಿಗೆ ನಾನೇ ಸಾಕು

ನಿಂತ ಮಿಕ್ಸಿಯ ಬೆನ್ನಿಗೆ ಎರಡು ಏಟು ಹಾಕಿ, ಅದು ತಿರುಗಿದ್ದೇ ತಡ ತಾನೇ ಇಂಜಿನಿಯರ್ ಎಂದುಕೊಳ್ಳುವವರ ಬಳಗ ನನ್ನದು. ನೀವೂ ಅದೇ ಬಳಗದವರು, ಸುಳ್ಳು ಹೇಳಬೇಡಿ. ವ್ಯತ್ಯಾಸ ಇಷ್ಟೇ: ನಿಮ್ಮ ಪ್ರಯೋಗಕ್ಕೆ ಬಲಿಯಾಗುವುದು ಹೆಚ್ಚೆಂದರೆ ಒಂದು ಹೊತ್ತಿನ ಚಟ್ನಿ. ನನ್ನದು ನಡೆದದ್ದು ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ, ಮೈನಸ್ 25 ಡಿಗ್ರಿ ಚಳಿಯಲ್ಲಿ, 18 ಚಕ್ರದ ಲಾರಿಯೊಳಗೆ.

ದಾವಣಗೆರೆ ಬಿಸಿಲಲ್ಲಿ ಬೆಂದು ಬೆಳೆದವನು ಇಲ್ಲಿ ಟ್ರಕ್ ಓಡಿಸುತ್ತೇನೆ. ಆ ರಾತ್ರಿ ಗಾಳಿಯೂ ಹಿಮವೂ ಸೇರಿ ಐ-80 ಹೆದ್ದಾರಿಯನ್ನು ಮುಚ್ಚಿಸಿದ್ದವು. ಲಾರಮಿ ಎಂಬ ಊರಿನ ಟ್ರಕ್ ನಿಲ್ದಾಣದಲ್ಲಿ ಸಿಕ್ಕಿಬಿದ್ದೆ. ಈ ಊರು ಸಮುದ್ರಮಟ್ಟಕ್ಕಿಂತ ಸುಮಾರು 2,180 ಮೀಟರ್ ಎತ್ತರದಲ್ಲಿದೆ; ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ನಿಂತವನೂ ಇದನ್ನು ಕತ್ತೆತ್ತಿಯೇ ನೋಡಬೇಕು.

ಆದರೂ ಚಿಂತೆಯಿರಲಿಲ್ಲ. ಮಲಗುವ ಮಂಚದ ಕೆಳಗೆ ಡೀಸೆಲ್ ಹೀಟರ್ ಇತ್ತಲ್ಲ! ಇಂಜಿನ್ ಓಡಿಸಿಕೊಂಡು ಮಲಗಿದರೆ ಗಂಟೆಗೆ ಸುಮಾರು 3 ಲೀಟರ್ ಡೀಸೆಲ್ ಸುಡುತ್ತದೆ, ಕಂಪನಿಯವರು ಲೆಕ್ಕ ಕೇಳುತ್ತಾರೆ. ಹೀಟರಿಗಾದರೆ ಪೂರ್ತಿ ಉರಿದರೂ ಕಾಲು ಲೀಟರಿನ ಆಸುಪಾಸು ಸಾಕು. ಗುಂಡಿ ಒತ್ತಿದರೆ ಒಳಗಿನ ಗ್ಲೋ ಪಿನ್ ಕೆಂಪಗೆ ಕಾಯುತ್ತದೆ, ಪುಟ್ಟ ಪಂಪು ಟಿಕ್ ಟಿಕ್ ಎನ್ನುತ್ತ ಹನಿ ಹನಿ ಡೀಸೆಲ್ ಕೊಡುತ್ತದೆ, ಬೆಂಕಿ ಹೊತ್ತುತ್ತದೆ. ಹೊಗೆ ನೆಲದಡಿಯ ಕೊಳವೆಯಿಂದ ಹೊರಗೆ, ಬಿಸಿಗಾಳಿ ನಮ್ಮ ಕಡೆಗೆ. ಅಷ್ಟು ಸರಳ. ನಾನು ಕೈ ಹಾಕುವವರೆಗೆ.

ಗುಂಡಿ ಒತ್ತಿದೆ. ಟಿಕ್ ಟಿಕ್ ಕೇಳಿಸಿತು, ಬಿಸಿ ಬರಲಿಲ್ಲ. ಮತ್ತೆ ಒತ್ತಿದೆ, ಮತ್ತೆ ಮತ್ತೆ ಒತ್ತಿದೆ. ಪದೇ ಪದೇ ಹೊತ್ತದೆ ಹೋದರೆ ಹೀಟರ್ ತನಗೆ ತಾನೇ ಬೀಗ ಹಾಕಿಕೊಳ್ಳುತ್ತದೆಂದು ತಿಳಿದದ್ದು ಆಮೇಲೆ. ನನ್ನಂಥವರನ್ನು ನೋಡಿಯೇ ಈ ಏರ್ಪಾಡು ಮಾಡಿರಬೇಕು. ದೀಪ ಮಿಣುಕತೊಡಗಿತು. ಎಷ್ಟು ಸಲ ಮಿಣುಕಿತೆಂದು ಎಣಿಸಿ ಪುಸ್ತಕ ನೋಡಿದರೆ ರೋಗ ಗೊತ್ತಾಗುತ್ತದೆ. ಎಣಿಸಿದೆ. ಆದರೆ ಚಳಿಗೆ ನನ್ನ ರೆಪ್ಪೆಗಳೂ ಪಟಪಟ ಬಡಿಯುತ್ತಿದ್ದವು. ದೀಪದ ಲೆಕ್ಕ ಯಾವುದು, ರೆಪ್ಪೆಯ ಲೆಕ್ಕ ಯಾವುದು? ಒಂದು ಎಣಿಕೆಗೆ ಬ್ಯಾಟರಿ ಸೊರಗಿದೆ ಎಂದು ಬಂತು, ಇನ್ನೊಂದಕ್ಕೆ ಫ್ಯಾನು ಸತ್ತಿದೆ ಎಂದು. ಮಗದೊಂದು ಎಣಿಕೆಯ ರೋಗ ಪುಸ್ತಕದಲ್ಲೇ ಇರಲಿಲ್ಲ. ಹೊಸ ಕಾಯಿಲೆ ಕಂಡುಹಿಡಿದೆನೆಂದು ಒಂದು ಗಳಿಗೆ ಹೆಮ್ಮೆಪಟ್ಟೆ.

ಅಷ್ಟರಲ್ಲಿ ಊರಿಂದ ಹೆಂಡತಿಯ ಫೋನು. "ರೀ, ಮಂಕಿ ಕ್ಯಾಪ್ ಹಾಕ್ಕೊಂಡಿದ್ದೀರಾ?"

"ಹ್ಞೂಂ ಕಣೇ. ಹೀಟರ್ ರಿಪೇರಿ ನಡೀತಿದೆ."

"ಯಾರ ಕೈಲಿ ಮಾಡಿಸ್ತಿದೀರಿ?"

"ನಾನೇ ಮಾಡ್ತಿದೀನಿ."

ಆ ಕಡೆ ತುಸು ಹೊತ್ತು ಮೌನ. "ಹಾಗಾದ್ರೆ ಇನ್ನೊಂದು ರಗ್ಗು ಹೊದ್ಕೊಳ್ಳಿ."

ಇಂಥ ಮಾತು ಕೇಳಿದ ಮೇಲೆ ಸುಮ್ಮನಿರುವುದುಂಟೆ? ಹೀಟರಿನ ಫ್ಯೂಸ್ ಕಿತ್ತು ಮತ್ತೆ ಹಾಕಿದರೆ ಬೀಗ ಬಿಡುತ್ತದಂತೆ. ಕಿತ್ತೆ. ಕ್ಯಾಬಿನ್ನಿನ ದೀಪ ಆರಿತು. ಅದು ಬೇರೆ ಫ್ಯೂಸು. ಕತ್ತಲಲ್ಲಿ ತಡಕಾಡುತ್ತ ಸೀಟಿನಿಂದ ಜಾರಿದೆ. ಬೀಳುವವನು ಸಿಕ್ಕಿದ್ದನ್ನು ಹಿಡಿಯುತ್ತಾನೆ. ನನಗೆ ಸಿಕ್ಕಿದ್ದು ತಲೆಯ ಮೇಲೆ ತೂಗುತ್ತಿದ್ದ ಏರ್ ಹಾರ್ನಿನ ಹಗ್ಗ. ಭೋಂ! ನಾನು ತೂಗಾಡಿದಷ್ಟು ಹೊತ್ತೂ ಭೋಂ! ಸಾಲಾಗಿ ನಿಂತಿದ್ದ ಲಾರಿಗಳಲ್ಲಿ ಒಂದೊಂದಾಗಿ ದೀಪ ಹತ್ತಿದವು. ವಯೋಮಿಂಗಿನ ಅರ್ಧ ಜನ ಎದ್ದು ಕೂತರು.

ಒಳಗಿದ್ದರೆ ಮಾನ ಉಳಿಯದೆಂದು ಟಾರ್ಚ್ ಹಿಡಿದು ಇಳಿದೆ. ಹೊಗೆ ಕೊಳವೆಯ ಬಾಯಿಗೆ ಹಿಮ ಮೆತ್ತಿಕೊಂಡಿತ್ತು. ಸಿಕ್ಕಿಬಿದ್ದ ಕಳ್ಳ! ಕರಗಿಸಲು ಬಿಸಿನೀರು ಬೇಕು. ಫ್ಲಾಸ್ಕಿನಲ್ಲಿದ್ದದ್ದು ರಾತ್ರಿಯೂಟದ ತಿಳಿಸಾರು. ವಿಜ್ಞಾನಕ್ಕಾಗಿ ಅದನ್ನೂ ತ್ಯಾಗ ಮಾಡಿದೆ. ಹಿಮ ಕರಗಿತು, ನೋಡನೋಡುತ್ತಲೇ ಸಾರು ಹೆಪ್ಪುಗಟ್ಟಿತು. ಈಗ ಕೊಳವೆಗೆ ಹಿಂಗು, ಕರಿಬೇವು ಸಮೇತವಾದ ಗಟ್ಟಿ ಬಿರಡೆ. ಮಂಡಿಯೂರಿ ಅದನ್ನು ಸ್ಕ್ರೂಡ್ರೈವರಿನಲ್ಲಿ ಕೆತ್ತುತ್ತಿದ್ದ ನನ್ನನ್ನು ಕಂಡವರು ಏನೋ ವ್ರತವಿರಬೇಕೆಂದು ಗೌರವದಿಂದ ದೂರ ಸರಿದರು.

ಸಾಕಪ್ಪಾ, ಕಂಪನಿ ಬೈದರೆ ಬೈಯಲಿ, ಇಂಜಿನ್ನೇ ಹಾಕೋಣ ಎಂದು ಕೀಲಿ ತಿರುಗಿಸಿದೆ. 'ಟಕ್' ಎಂದಿತು. ಅಷ್ಟೇ. ಚಳಿಗೆ ಬ್ಯಾಟರಿ ಮೊದಲೇ ಬಡವಾಗಿರುತ್ತದೆ. ಉಳಿದ ಜೀವವನ್ನು ಗ್ಲೋ ಪಿನ್ ಕಾಯಿಸಿ ಕಾಯಿಸಿ ನಾನೇ ತೆಗೆದಿದ್ದೆ. ಹೀಟರ್ ಮಾತ್ರ ಕೆಟ್ಟಿದ್ದ ಲಾರಿಯನ್ನು ಇಡಿಯಾಗಿ ಕೆಡಿಸಿದ ಕೀರ್ತಿ ನನ್ನದಾಯಿತು.

ಹಾರ್ನಿಗೆ ಎದ್ದವರಲ್ಲಿ ಒಬ್ಬ ಹಿರಿಯ ಪಂಜಾಬಿ ಡ್ರೈವರ್ ಜಂಪರ್ ಕೇಬಲ್ ಹಿಡಿದು ಬಂದರು. ಇಂಜಿನ್ ಎದ್ದಿತು. ನಾನು ನನ್ನ ಹಿಂದಿಯಲ್ಲೇ ಉಪನ್ಯಾಸ ಶುರುಮಾಡಿದೆ: ಎತ್ತರದ ಊರಲ್ಲಿ ಗಾಳಿ ತೆಳುವು, ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಒಳಗೆ ಮಸಿ ಕಟ್ಟುತ್ತದೆ, ಚಳಿಗೆ ಡೀಸೆಲ್ಲಿನ ಮೇಣವೂ ಗಟ್ಟಿಯಾಗುತ್ತದೆ... ಎಲ್ಲ ನಿಜವೇ. ಅವರು ತಾಳ್ಮೆಯಿಂದ ಕೇಳಿ, ಡ್ಯಾಶ್‌ಬೋರ್ಡಿನತ್ತ ಬೆರಳು ತೋರಿ, "ಬೇಟಾ, ಟ್ಯಾಂಕಿನಲ್ಲಿ ಡೀಸೆಲ್ ಎಲ್ಲಿದೆ?" ಎಂದರು.

ಮುಳ್ಳು ಕಾಲು ಟ್ಯಾಂಕಿಗಿಂತ ಕೆಳಗೆ ಮಲಗಿತ್ತು. ಹೀಟರಿಗೆ ಡೀಸೆಲ್ ಎಳೆಯುವ ಕೊಳವೆ ಟ್ಯಾಂಕಿನ ತಳ ಮುಟ್ಟುವುದಿಲ್ಲ. ಹೀಟರೇ ಎಲ್ಲ ಕುಡಿದು ಇಂಜಿನ್ನಿಗೆ ಹನಿಯೂ ಉಳಿಯದಂತೆ ಆಗಬಾರದೆಂದು ಬೇಕೆಂದೇ ಗಿಡ್ಡಗೆ ಇಟ್ಟಿರುತ್ತಾರೆ. ಪಂಪು ಅಷ್ಟು ಹೊತ್ತೂ ಬರಿಗಾಳಿ ಕುಡಿಯುತ್ತಿತ್ತು! ಡೀಸೆಲ್ ತುಂಬಿಸುವ ಜಾಗವೋ, ಕಣ್ಣೆದುರಿಗೇ ಜಗಮಗ ಬೆಳಗುತ್ತಿತ್ತು.

ಟ್ಯಾಂಕ್ ತುಂಬಿತು. ಈ ಸಲ ಸರಿಯಾದ ಫ್ಯೂಸನ್ನೇ ಕಿತ್ತು ಹಾಕಿ ಬೀಗ ಬಿಡಿಸಿದ್ದಾಯಿತು. ಡೀಸೆಲ್ ಕೊಳವೆಯ ಗಾಳಿಯೆಲ್ಲ ಹೋದ ಮೇಲೆ ಹೀಟರ್ ಹೊತ್ತಿತು. ಹೊಗೆ ಕೊಳವೆಯ ಬಾಯಿಗಂಟಿದ್ದ ಸಾರು ಕಾದು ಇಡೀ ನಿಲ್ದಾಣಕ್ಕೆ ಒಗ್ಗರಣೆಯ ಘಮ ಹಬ್ಬಿತು. ಹಿರಿಯರು ಮೂಗರಳಿಸಿ, "ಇದು ಯಾವ ಡೀಸೆಲ್ ಬೇಟಾ?" ಎಂದರು.

ಬೆಳಗ್ಗೆ ಬಾಗಿಲು ಬಡಿದ ಸದ್ದು. ಒಬ್ಬ ಅಮೆರಿಕನ್ ತರುಣ. "ರಾತ್ರಿಯೆಲ್ಲ ಹೀಟರ್ ರಿಪೇರಿ ಮಾಡಿದವರು ನೀವೇ ಅಂತೆ. ನನ್ನದೂ ಹೊತ್ತುತ್ತಿಲ್ಲ, ಸ್ವಲ್ಪ ನೋಡ್ತೀರಾ?"

ಮಂಕಿ ಕ್ಯಾಪ್ ಸರಿಮಾಡಿಕೊಂಡು ಗತ್ತಿನಿಂದ ಇಳಿದೆ. ಅವನ ಲಾರಿ ಹತ್ತಿ ನೇರವಾಗಿ ಡೀಸೆಲ್ ಮುಳ್ಳು ನೋಡಿದೆ. ಟ್ಯಾಂಕ್ ಭರ್ತಿ. ನನ್ನ ವಿದ್ಯೆ ಅಲ್ಲಿಗೆ ಖಾಲಿ. ತರುಣ ನಂಬಿಕೆಯಿಂದ ನನ್ನ ಮುಖವನ್ನೇ ನೋಡುತ್ತಿದ್ದ. ಗಂಟಲು ಸರಿಮಾಡಿಕೊಂಡೆ.

"ಫ್ಯೂಸ್ ಡಬ್ಬಿ ಎಲ್ಲಿದೆ?"