ಮೆಣಸಿನಕಾಯಿ ಪೇಟೆಯಲ್ಲೊಂದು ಪಿಸ್ತೂಲು

ನವಿ ಮುಂಬಯಿಯ ತುರ್ಭೆಯ ಮಸಾಲೆ ಮಾರ್ಕೆಟ್ಟಿಗೆ ಹೊಸಬರು ಬಂದರೆ ಮೊದಲು ಸೀನುತ್ತಾರೆ, ಆಮೇಲೆ ಮಾತಾಡುತ್ತಾರೆ. ಹಳಬರು ಸೀನುವುದೂ ಇಲ್ಲ, ಮಾತಾಡುವುದೂ ಕಡಿಮೆ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಸುಕ್ಕು ನೋಡಿ, ಮುರಿದು, ಮೂಸಿ, ಇದು ಕಡ್ಡಿ, ಇದು ಡಬ್ಬಿ, ಇದು ಬ್ಯಾಡಗಿಯ ಹೆಸರು ಹೊತ್ತ ಯಾವುದೋ ಪರಊರಿನದು ಎಂದು ಹೇಳಿಬಿಡುತ್ತಾರೆ. ನಾನು ಲೆಕ್ಕ ಬರೆಯುವ ಗಾಳಾದ, ಅಂದರೆ ಅಂಗಡಿಯ, ಸಾವ್ಕಾರರು ಅಂಥವರಲ್ಲಿ ಒಬ್ಬರು. ಅವರ ಕಣ್ಣಿಗೆ ತಪ್ಪಿಸಿಕೊಂಡ ಮಾಲನ್ನು ನಾನಂತೂ ಕಂಡಿಲ್ಲ. ಹಾಗಾಗಿ ಒಂದು ಮಧ್ಯಾಹ್ನ ಅವರು ಮೊಬೈಲನ್ನು ನನ್ನ ಮುಂದೆ ಹಿಡಿದು, "ರಾಯರ, ಇದೇನಂತ ನೋಡ್ರಿ" ಎಂದಾಗ ಸ್ವಲ್ಪ ಜಂಬವೇ ಬಂತು.

ಪರದೆಯ ಮೇಲೆ ಪಿಸ್ತೂಲು. ಹುಬ್ಬಳ್ಳಿಯಲ್ಲಿ ಸಾವ್ಕಾರರ ಬೀಗರೊಬ್ಬರು ತೀರಿಕೊಂಡಿದ್ದರು. ಪ್ರಾಯದಲ್ಲಿ ಸ್ಪರ್ಧೆಗಳಲ್ಲಿ ಗುರಿ ಹೊಡೆದವರು. ಲೈಸೆನ್ಸು ಅವರ ಹೆಸರಿನದು. ಅವರೇ ಹೋದ ಮೇಲೆ ಮನೆಯವರು ಅದನ್ನು ಕಾನೂನಿನಂತೆ ಲೈಸೆನ್ಸ್ ಇರುವ ಅಂಗಡಿಯಲ್ಲಿ ಜಮಾ ಮಾಡಿದ್ದರು. ಮಗನಿಗೆ ಈಗ ಅದೇನೆಂದು ತಿಳಿಯುವ ಆಸೆ. ಪುಣ್ಯಾತ್ಮ ಹೆಸರು ಕೆತ್ತಿದ ಮಗ್ಗುಲೊಂದನ್ನು ಬಿಟ್ಟು ಮಿಕ್ಕೆಲ್ಲ ಮಗ್ಗುಲುಗಳ ಫೋಟೊ ಕಳಿಸಿದ್ದ.

"ಇದು ಪಿಸ್ತೂಲೇನ್ರಿ? ಡ್ರಿಲ್ಲಿಂಗ್ ಮಷಿನ್ ಕಂಡಂಗ ಕಾಣತೈತಲ್ಲ" ಎಂದರು ಸಾವ್ಕಾರರು. ಮಾತು ಸುಳ್ಳಲ್ಲ. ಸಿನಿಮಾ ನೋಡಿ ಬೆಳೆದ ನಮಗೆ ಪಿಸ್ತೂಲೆಂದರೆ ಖಳನಾಯಕನ ಸೊಂಟದಲ್ಲಿ ಇರುವಂಥದ್ದು. ಇದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಖಳನಾಯಕ ಕೂರುವುದೇ ಕಷ್ಟ. ಮ್ಯಾಗಜಿನ್ನು ಹಿಡಿಯೊಳಗೆ ಇರದೆ ಟ್ರಿಗರಿನ ಮುಂದೆ ಇತ್ತು. ನಳಿಗೆ ಎಷ್ಟು ಕೆಳಗಿತ್ತೆಂದರೆ ಹೆಚ್ಚು ಕಡಿಮೆ ಮುಷ್ಟಿಯ ಮಟ್ಟಕ್ಕೇ. ಹಿಡಿ ಮಾತ್ರ ಮರದ್ದು. ಅಂಗೈಯನ್ನು ಸುತ್ತುವರಿದು ಮಣಿಕಟ್ಟಿನವರೆಗೆ ಹರಡಿಕೊಂಡಿತ್ತು. ಫೋಟೊ ದೊಡ್ಡದು ಮಾಡಿ ನೋಡಿದರೆ ಹೆಬ್ಬೆರಳು ಕೂರುವಲ್ಲಿ ಅರದಿಂದ ಉಜ್ಜಿದ ಗೆರೆಗಳು, ಅಂಗೈಯ ಗುಳಿಗೆ ಸರಿಯಾಗಿ ಮೆತ್ತಿದ ಮರದ ಪುಟ್ಟಿ, ಆ ಪುಟ್ಟಿಯ ಮೇಲೆ ಬೆವರು ಕುಡಿದು ಕಪ್ಪಾದ ಕಲೆ. ಗುರಿಕಾರರು ಹೀಗೆ ಉಜ್ಜುತ್ತ ಮೆತ್ತುತ್ತ ಹಿಡಿಯನ್ನು ತಮ್ಮ ಕೈಗೆ ಒಗ್ಗಿಸಿಕೊಳ್ಳುತ್ತಾರೆ. ಮಗನೋ ಎಡಚನಂತೆ, ಅಪ್ಪನ ಕೈಗೆ ಒಗ್ಗಿದ ಹಿಡಿ ಅವನಿಗೆ ಒಗ್ಗುವಂಥದ್ದಲ್ಲ.

ನಳಿಗೆ ಅಷ್ಟು ಕೆಳಗಿರುವುದನ್ನು ಕಂಡು ನನಗೆ ದುರಾಸೆ ಹುಟ್ಟಿತು. ಸೋವಿಯತ್ ದೇಶದವರು ಎಂಸಿ-3 'ರೆಕಾರ್ಡ್' ಎಂಬ ಪಿಸ್ತೂಲೊಂದನ್ನು ಮಾಡಿದ್ದರು, ಅಪರೂಪದ ಮಾಲು. ಅದನ್ನು ತಲೆಕೆಳಗಾದ ಪಿಸ್ತೂಲು ಎನ್ನಬೇಕು. ಗುಂಡು ಹಾರಿದಾಗ ಒದೆತ ನೇರವಾಗಿ ತೋಳಿಗೇ ಬರಲಿ, ಮೂತಿ ಮೇಲಕ್ಕೆ ನೆಗೆಯದಿರಲಿ ಎಂದು ನಳಿಗೆಯನ್ನು ಕೆಳಗಿಳಿಸಿದ್ದರು. ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ 25 ಮೀಟರ್ ದೂರದ ಐದು ಗುರಿಗಳಿಗೆ ಐದು ಗುಂಡು, ಮೊದಲು 8 ಸೆಕೆಂಡಿನಲ್ಲಿ, ಆಮೇಲೆ 6, ಕೊನೆಗೆ 4. ನಾಲ್ಕು ಸೆಕೆಂಡೆಂದರೆ ನಮ್ಮ ಮಾರ್ಕೆಟ್ಟಿನಲ್ಲಿ ಒಂದು ಸೀನು ಬಂದು ಹೋಗುವಷ್ಟು ಹೊತ್ತು. ಅಷ್ಟರಲ್ಲಿ ಮೂತಿ ನೆಗೆಯದ ಪಿಸ್ತೂಲು ಕೈಯಲ್ಲಿದ್ದರೆ ಕೇಳಬೇಕೆ? 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಸೋವಿಯತ್ ಗುರಿಕಾರ ಎವ್ಗೆನಿ ಚೆರ್ಕಾಸೊವ್ ಈ ಸ್ಪರ್ಧೆಯ ಬೆಳ್ಳಿ ಗೆದ್ದರು. ಅದಾದ ಮೇಲೆ ನಿಯಮ ಮಾಡುವವರು ತಲೆಕೆಳಗು ಪಿಸ್ತೂಲಿಗೆ ಬಾಗಿಲು ಹಾಕಿದರು. ಇವತ್ತಿಗೂ 25 ಮೀಟರ್ ಪಿಸ್ತೂಲುಗಳನ್ನು 300 ಮಿ.ಮೀ. ಉದ್ದ, 150 ಎತ್ತರ, 50 ಅಗಲದ ಪೆಟ್ಟಿಗೆಯಲ್ಲಿಟ್ಟು ನೋಡುತ್ತಾರೆ. ಹಿಡಿಸಿದರೆ ಪಾಸು. ಚೀಲದ ತೂಕ ನೋಡುವ ನಮ್ಮ ಮಾಪಾಡಿಗಳಿಗೂ ಇಷ್ಟು ಬಿಗಿ ಇಲ್ಲ.

ಅದೇ ಕಾಲದ ಇನ್ನೊಂದು ಸೋವಿಯತ್ ಪಿಸ್ತೂಲಿನ ಕತೆ ನನಗೆ ಇದಕ್ಕಿಂತ ಇಷ್ಟ. ಅದನ್ನು ರೂಪಿಸಿದ ಮಿಖಾಯಿಲ್ ಮಾರ್ಗೊಲಿನ್ ಕಣ್ಣಿಲ್ಲದವರು. ಹರೆಯದಲ್ಲೇ ತಲೆಗೆ ಗಾಯವಾಗಿ ದೃಷ್ಟಿ ಹೋಗಿತ್ತು. ನಕ್ಷೆ ಬರೆಯಲಾರದವರು ಜೇಡಿಮಣ್ಣು, ಮೇಣ, ಮರಗಳಲ್ಲಿ ಒಂದೊಂದೇ ಭಾಗ ಮಾಡಿ ಬೆರಳಿನಿಂದ ಸವರಿ ತಿದ್ದಿದರು. ಗುರಿ ನೋಡುವ ಯಂತ್ರವನ್ನು ನೋಡಲಾಗದವರು ಮಾಡಿದ್ದು! ಮುಂದೆ 'ಸ್ಟಾರ್ ವಾರ್ಸ್' ಸಿನಿಮಾದವರು ಅದಕ್ಕೇ ಒಂದಿಷ್ಟು ವೇಷ ಹಾಕಿ ರಾಜಕುಮಾರಿ ಲಿಯಾಳ ಕೈಗೆ ಕೊಟ್ಟರು.

ಸಾವ್ಕಾರರಿಗೆ ರಾಜಕುಮಾರಿಯಲ್ಲಿ ಆಸಕ್ತಿ ಇರಲಿಲ್ಲ. ಅವರು ಫೋಟೊ ಹಿಗ್ಗಿಸಿ ಲೋಹದ ಮೇಲಿನ ಚಿಕ್ಕ ಗುರುತುಗಳನ್ನು ನೋಡುತ್ತಿದ್ದರು. ಚೀಲದ ಮೇಲಿನ ಮಾರ್ಕು ಓದುವ ಕಣ್ಣು. "ಇಲ್ಲಿ ಜಿಂಕಿ ಕೊಂಬು ಐತಿ ನೋಡ್ರಿ. ಔಷಧದ ಕಂಪನಿದೇನು?" ಎಂದರು. ಕೊಂಬಿನ ಪಕ್ಕ ಎರಡು ಇಂಗ್ಲಿಷ್ ಅಕ್ಷರ: ಎಚ್, ಸಿ.

ಅಲ್ಲಿಗೆ ನನ್ನ ರಷ್ಯಾದ ಕನಸು ಮುಗಿಯಿತು. ಕೊಂಬು ಜರ್ಮನಿಯ ಉಲ್ಮ್ ಊರಿನ ಪರೀಕ್ಷಾ ಶಾಲೆಯ ಮುದ್ರೆ. ಅಲ್ಲಿ ಪ್ರತಿ ಬಂದೂಕಿನಲ್ಲೂ ಹೆಚ್ಚಿನ ಒತ್ತಡದ ಗುಂಡು ಹಾರಿಸಿ, ಸಿಡಿಯದೆ ಉಳಿದದ್ದಕ್ಕೆ ಗುರುತು ಒತ್ತುತ್ತಾರೆ. ಅಕ್ಷರಗಳು ಇಸವಿ. ಎ ಎಂದರೆ ಸೊನ್ನೆ, ಬಿ ಒಂದು, ಸಿ ಎರಡು. ಹೀಗೆ ಎಣಿಸಿದರೆ ಎಚ್ ಏಳು. ಅಂದರೆ 72. "ಅಷ್ಟೇ ಏನ್ರಿ? ನಮ್ಮ ಅಂಗಡಿಗಳ ಗುಪ್ತ ರೇಟಿನ ಅಕ್ಷರ ಇದ್ದಂಗಾತು" ಎಂದು ಸಾವ್ಕಾರರು ಜರ್ಮನರ ಬಗ್ಗೆ ಗೌರವ ತಾಳಿದರು. ಇನ್ನೊಂದು ಮಗ್ಗುಲಿನ ಫೋಟೊ ತರಿಸಿದೆವು. ವಾಲ್ಟರ್ ಓಎಸ್‌ಪಿ ಎಂದು ಢಾಳಾಗಿ ಬರೆದಿತ್ತು. ಒಲಿಂಪಿಕ್ ರ‍್ಯಾಪಿಡ್ ಫೈರಿಗೆಂದೇ ಮಾಡಿದ್ದು, .22 ಶಾರ್ಟ್ ಎಂಬ ಗಿಡ್ಡ ಗುಂಡಿನದು. ಮ್ಯೂನಿಕ್ ಒಲಿಂಪಿಕ್ಸ್ ನಡೆದ ವರ್ಷ ಹುಟ್ಟಿದ್ದು.

ಇದನ್ನೂ ನಿಯಮವೇ ಮೂಲೆಗೆ ತಳ್ಳಿತು. 2004ರ ಅಥೆನ್ಸ್ ಮುಗಿದ ಮೇಲೆ ಗಿಡ್ಡ ಗುಂಡು, ಕೈಯನ್ನು ಸುತ್ತುವ ಹಿಡಿ, ಉಸಿರು ತಾಗಿದರೆ ಸಿಡಿಯುವಂಥ ಹಗುರ ಟ್ರಿಗರು ಮೂರೂ ಹೋದವು. ಟ್ರಿಗರು ಕನಿಷ್ಠ ಒಂದು ಕಿಲೋ ಭಾರ ತಡೆಯಬೇಕೆಂದಾಯಿತು. 2012ರಲ್ಲಿ ಲಂಡನ್ನಿನಲ್ಲಿ ನಮ್ಮ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಈ ಹೊಸ ಕಾನೂನಿನ ಕೆಳಗೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ ರಿಯೊದಲ್ಲಿ 50 ಮೀಟರ್ ಪಿಸ್ತೂಲು ಹೊಡೆದು ಬಂದರು. ಆಮೇಲೆ ಒಲಿಂಪಿಕ್ಸಿನಲ್ಲಿ ಆ ಸ್ಪರ್ಧೆಯನ್ನೇ ತೆಗೆದುಹಾಕಿದರು. ಅದಕ್ಕೆಂದೇ ಮಾಡಿದ ಎಷ್ಟು ಪಿಸ್ತೂಲುಗಳು ಆವತ್ತಿನಿಂದ ಕಪಾಟು ಕಾಯುತ್ತಿವೆಯೋ! ಕಾರ್ಖಾನೆಯವರು ಎಷ್ಟು ಮಾಡಿದರು ಎಂಬ ಲೆಕ್ಕ ಇಟ್ಟುಕೊಂಡು ಅಪರೂಪವನ್ನು ಅಳೆಯುವವರಿಗೆ ನಾನು ಹೇಳುವುದಿಷ್ಟೆ: ನಿಯಮದ ಪುಸ್ತಕವನ್ನೂ ಪಕ್ಕದಲ್ಲಿಟ್ಟುಕೊಳ್ಳಿ.

ಖಚಿತ ಮಾಡಿಕೊಳ್ಳಲು ಬಲ್ಲವರನ್ನು ಕೇಳೋಣವೆಂದರೆ ದೂರವೇನಿಲ್ಲ. ತುರ್ಭೆಯಲ್ಲಿ ಪನ್ವೆಲ್ ಲೋಕಲ್ ಹತ್ತಿ ಇಳಿದರೆ ನ್ಯೂ ಪನ್ವೆಲ್‌ನಲ್ಲಿ ಸುಮಾ ಶಿರೂರ್ ಅವರ ಲಕ್ಷ್ಯ ಶೂಟಿಂಗ್ ಕ್ಲಬ್ಬಿದೆ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದವರು, 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 400ಕ್ಕೆ 400 ಹೊಡೆದವರು. ಅವರು ರೈಫಲ್ಲಿನವರು ಎಂದು ನಾನು ಹಿಂಜರಿದೆ.

"ನಾನೂರಕ್ಕ ನಾನೂರಾ?" ಸಾವ್ಕಾರರು ಕನ್ನಡಕ ತೆಗೆದರು. "ನಮ್ಮ ಬುಕ್ಕಿನ್ಯಾಗ ಒಂದು ತಿಂಗಳರ ಹಂಗ ಟ್ಯಾಲಿ ಆಗೇತೇನ್ರಿ ರಾಯರ?"

ನಾನು ಖಾತೆ ಪುಸ್ತಕ ತೆರೆದೆ. ಅವರು ಹುಬ್ಬಳ್ಳಿಗೆ ಫೋನ್ ಹಚ್ಚಿ, ಮಾಲು ಜರ್ಮನಿದು, 72ರದು, ಗುಂಡು ಸಿಗೂದು ಕಷ್ಟ, ಲೈಸೆನ್ಸಿಗೆ ಅರ್ಜಿ ಮೊದಲ ಹಾಕು, ಆ ಮರದ ಹಿಡಿ ಮಾತ್ರ ಯಾರಿಗೂ ಉಜ್ಜಾಕ ಕೊಡಬ್ಯಾಡ ಎಂದು ಮಾರ್ಕೆಟ್ಟಿಗೆಲ್ಲ ಕೇಳುವಂತೆ ಹೇಳತೊಡಗಿದರು.